ಮೈನಸ್ ಮಳೆ: ತಾರಸಿಯ ಮಳೆ ಮಾಪಕದ ಲಾಗ್ ಫೈಲುಗಳ ಕತೆ

ಜೂನ್ ಕೊನೆ

ಪರ್ಕಳದ ನಮ್ಮ ಮನೆ ತಾರಸಿಯಲ್ಲಿರುವ ಮಳೆ ಮಾಪಕಕ್ಕೆ ಇದು ಎರಡನೇ ಮಳೆಗಾಲ. ಒಳಗೆ ಏತದ ಹಾಗೆ ಆಚೀಚೆ ಆಡುವ ಪುಟ್ಟ ಬಕೆಟ್ ಇದೆ. 0.2 ಮಿ.ಮೀ. ಮಳೆ ಬಿದ್ದಾಗ ಒಂದು ಸಲ ಮಗುಚುತ್ತದೆ. ಅಯಸ್ಕಾಂತಕ್ಕೆ ಓಗೊಡುವ ರೀಡ್ ಸ್ವಿಚ್ ಟಿಕ್ ಅನ್ನುತ್ತದೆ, ಕೆಳಗೆ ಕೋಣೆಯಲ್ಲಿರುವ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3 ಒಂದು ಸಂಖ್ಯೆ ಏರಿಸುತ್ತದೆ. ಆ ಸಂಖ್ಯೆ ಸೊನ್ನೆಗೆ ಹೋಗುವುದೇ ಇಲ್ಲ. ಕರೆಂಟ್ ಹೋಗಿ ಬಂದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಇದನ್ನೆಲ್ಲ ಬರೆದಿಡಲು ದಿನಕ್ಕೊಂದು ಲಾಗ್ ಫೈಲ್.

ಇದನ್ನು ಚಿಕ್ಕಪ್ಪನ ಮಗ ಕಾಲೇಜು ಪ್ರಾಜೆಕ್ಟಿಗೆ ಅಂತ ಮಾಡಿದ್ದ. ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ, ಡಬ್ಬಿ ನನ್ನ ಪಾಲಿಗೆ ಬಂತು. ಈಗ ನನಗೆ ಬೇಕಾದ್ದು ನಕ್ಷತ್ರವಾರು ಲೆಕ್ಕ. ಅಪ್ಪ ಜೂನ್, ಜುಲೈ ಅಂತ ಮಳೆ ಲೆಕ್ಕ ಹಾಕುವವರಲ್ಲ. ಆರಿದ್ರಾ ಎಷ್ಟು ಬಂತು, ಪುನರ್ವಸು ಎಷ್ಟು, ಆಶ್ಲೇಷ ಕೈಕೊಟ್ಟಿತಾ, ಇಷ್ಟೇ ಅವರ ಪ್ರಶ್ನೆ. ವರ್ಷಕ್ಕೆ 27 ನಕ್ಷತ್ರ, ಒಂದಕ್ಕೆ ಹದಿಮೂರೂವರೆ ದಿನ. ಅದಕ್ಕೆ ನಾನು ಬರೆದ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಫೈಲುಗಳನ್ನು ಹೆಸರಿನ ಪ್ರಕಾರ ಸಾಲಾಗಿ ನಿಲ್ಲಿಸಿ, ಒಂದು ಫೈಲಿನ ಕೊನೆಯ ಸಂಖ್ಯೆಯಿಂದ ಹಿಂದಿನ ಫೈಲಿನ ಕೊನೆಯ ಸಂಖ್ಯೆ ಕಳೆದು, 0.2 ರಿಂದ ಗುಣಿಸಬೇಕು. ಆಮೇಲೆ ಕೂಡಿಸಿದರಾಯ್ತು.

ಓಡಿಸಿದಾಗ ಸಾವಿರಾರು ಮಿಲಿಮೀಟರ್ ಮೈನಸ್ ಮಳೆ ಬಂತು. ಅಪ್ಪ ಕನ್ನಡಕ ಏರಿಸಿ ಪರದೆ ನೋಡಿದರು. "ಎಂತದು ಮಾರಾಯ, ಮಳೆ ಮೇಲೆ ಹೋದದ್ದಾ?"

ಫೈಲುಗಳ ಹೆಸರು ನೋಡಿದ ಕೂಡಲೇ ಅರ್ಧ ಕಾರಣ ಗೊತ್ತಾಯಿತು. 'ಮಳೆ-1-6-2025' ಅಂತ ದಿನ ಮೊದಲು, ವರ್ಷ ಕೊನೆಗೆ, ಒಂಟಿ ಅಂಕಿಯ ಮುಂದೆ ಸೊನ್ನೆ ಇಲ್ಲ. ಸಾಲು ಮಾಡುವ ಸಾರ್ಟ್ ಕಮಾಂಡಿಗೆ ಅದು ತಾರೀಕು ಅಂತ ಗೊತ್ತಿಲ್ಲ. ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತಾ ಹೋಗುತ್ತದೆ. ಹಾಗಾಗಿ ಹೋದ ವರ್ಷದ ಜೂನ್ 1, ಅದರ ಬೆನ್ನಿಗೇ ಈ ವರ್ಷದ ಜೂನ್ 1, ಆಮೇಲೆ ಮತ್ತೆ ಹೋದ ವರ್ಷದ ಜುಲೈ 1. 10 ಮತ್ತು 11 ಎಲ್ಲ ಮುಗಿದ ಮೇಲೆ 2.

ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದರೆ, "ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಕಾಣ್ತಿತ್ತಲ್ಲ" ಅಂದ. ಕಾಣಲೇಬೇಕು. ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರ್ ಎಕ್ಸ್‌ಪಿ ಕಾಲದಿಂದಲೂ ಹೆಸರಿನ ಒಳಗಿನ ಅಂಕಿಗಳನ್ನು ಸಂಖ್ಯೆ ಅಂತಲೇ ಓದುತ್ತದೆ, 2 ಆದ ಮೇಲೆಯೇ 10. ಅವನ ಹತ್ತಿರ ಇದ್ದದ್ದು ಒಂದೇ ತಿಂಗಳ ಫೈಲುಗಳು ಬೇರೆ. ಕಣ್ಣಿಗೆ ಸರಿ ಕಾಣುವ ಸಾಲು ಸ್ಕ್ರಿಪ್ಟಿಗೆ ಸಿಗುವ ಸಾಲು ಆಗಿರಬೇಕಿಲ್ಲ.

"ತಿಂಗಳ ಹೆಸರು ಹಾಕಿಬಿಡು, ಓದಲಿಕ್ಕೂ ಚೆಂದ" ಅಂದ. ಅದಂತೂ ಬೇಡವೇ ಬೇಡ. ಇಂಗ್ಲಿಷಿನಲ್ಲಿ ಬರೆದರೆ ಮಳೆಗಾಲ ಆಗಸ್ಟಿನಲ್ಲಿ ಶುರುವಾಗಿ, ಜುಲೈ, ಜೂನ್ ಅಂತ ಹಿಂದೆ ನಡೆದು ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ. ತಮಾಷೆ ಅಂದರೆ, ಕನ್ನಡದಲ್ಲಿ ಬರೆದರೂ ಈ ನಾಲ್ಕು ತಿಂಗಳ ಸಾಲು ಹಾಗೇ ಬರುತ್ತದೆ! ಆ ಮೊದಲು, ಆಮೇಲೆ ಜು, ಜೂ, ಕೊನೆಗೆ ಸೆ. ಅಕ್ಟೋಬರ್ ಮಾತ್ರ ಅಕಾರದ ಬಲದಿಂದ ಎಲ್ಲಕ್ಕಿಂತ ಮುಂದೆ ಹೋಗಿ ಕೂರುತ್ತದೆ.

ಜುಲೈ ಮೊದಲ ವಾರ

ಸಾರ್ಟಿಗೆ ದೊಡ್ಡ ವಿ ಆಪ್ಶನ್ ಕೊಟ್ಟು ನೋಡಿದೆ. ಅಂಕಿಗಳನ್ನು ಸಂಖ್ಯೆಯಾಗಿ ಓದುವ ವರ್ಷನ್ ಸಾರ್ಟ್ ಅದು. 2 ಆದ ಮೇಲೆ 10 ಬಂತು, ಸರಿ. ಆದರೆ ದಿನ ಮೊದಲು ಇರುವುದರಿಂದ ಎಲ್ಲ ತಿಂಗಳ 1ನೇ ತಾರೀಕು ಒಟ್ಟಿಗೆ, ಎಲ್ಲ 2ನೇ ತಾರೀಕು ಒಟ್ಟಿಗೆ. ನಮ್ಮ ಕೆಲಸಕ್ಕೆ ಇದು ಸಾಲದು.

ಹೈಫನ್ ಕಂಡಲ್ಲಿ ಹೆಸರನ್ನು ತುಂಡು ಮಾಡಿ, ಮೊದಲು ನಾಲ್ಕನೇ ತುಂಡು, ಆಮೇಲೆ ಮೂರನೆಯದು, ಆಮೇಲೆ ಎರಡನೆಯದು, ಮೂರನ್ನೂ ಸಂಖ್ಯೆಯಾಗಿ ನೋಡು ಅಂತ ಹೇಳಿದ ಮೇಲೆ ಸಾಲು ಸರಿಯಾಯಿತು. ಅದಕ್ಕೆ ಐದನೇ ತುಂಡನ್ನೂ ಸೇರಿಸಿದೆ. ಕಾರಣ ಇದೆ. ಕರೆಂಟ್ ಹೋಗಿ ಬಂದಾಗ ಲಾಗರ್ ಅದೇ ದಿನಕ್ಕೆ ಇನ್ನೊಂದು ಫೈಲ್ ತೆರೆದು ಹೆಸರಿನ ಕೊನೆಗೆ '-2' ಅಂಟಿಸುತ್ತದೆ. ಮಾಮೂಲಿ ಸಾರ್ಟ್ ಈ ಎರಡನೇ ಫೈಲನ್ನು ಮೊದಲನೆಯದಕ್ಕಿಂತ ಮುಂದೆ ಇಡುತ್ತದೆ. ಹೆಸರು ಮುಗಿದ ಮೇಲೆ ಒಂದರಲ್ಲಿ ಎಕ್ಸ್‌ಟೆನ್ಶನ್‌ನ ಚುಕ್ಕಿ, ಇನ್ನೊಂದರಲ್ಲಿ ಹೈಫನ್. ಕಂಪ್ಯೂಟರ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಹೈಫನ್ 45, ಚುಕ್ಕಿ 46. ಒಂದೇ ಒಂದು ಅಂಕಿಯ ವ್ಯತ್ಯಾಸಕ್ಕೆ ಮಧ್ಯಾಹ್ನದ ಮಳೆ ಬೆಳಗ್ಗೆಗಿಂತ ಮೊದಲು ಬೀಳುತ್ತದೆ.

ಆರಿದ್ರಾ ಲೆಕ್ಕ ಮೈನಸ್ ಇಲ್ಲದೆ ಬಂತು. ಅಪ್ಪ ತಲೆಯಾಡಿಸಿದರು.

ಜುಲೈ ಮೂರನೇ ವಾರ

ಪುನರ್ವಸು ಜೋರಾಗಿಯೇ ಬಂತು. ಜೊತೆಗೆ ಮತ್ತೆ ಒಂದು ಮೈನಸ್, ಒಂದೇ ಕಡೆ, ಮೈನಸ್ 25.6 ಮಿ.ಮೀ.

ಈ ಸಲ ಹೆಸರಿನ ಸಾಲು ಸರಿಯಾಗೇ ಇತ್ತು: 17-7, ಆಮೇಲೆ 17-7ರ '-2', ಆಮೇಲೆ 18-7. ಒಳಗಿನ ಕೊನೆಯ ಸಂಖ್ಯೆಗಳು ಕ್ರಮವಾಗಿ 29,310, 29,480, 29,352. ಅಂದರೆ 18ರ ಫೈಲ್ ನಿಜವಾಗಿ ನಡುವೆ ಬರಬೇಕು. 18ನೇ ತಾರೀಕು ಶುರುವಾದ ಮೇಲೆ 17 ಮತ್ತೆ ಬಂದದ್ದು ಹೇಗೆ?

ಆ ರಾತ್ರಿ ಗಾಳಿಗೆ ಎಲ್ಲೋ ಮರ ಬಿದ್ದು, 12 ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಗಿತ್ತು. ಪೈ 3 ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಅನ್ನುವ ಪುಟ್ಟ ಪ್ರೋಗ್ರಾಂ ಗಂಟೆಗೊಮ್ಮೆ ಸಮಯವನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತದೆ. ಮತ್ತೆ ಎದ್ದಾಗ ಇಂಟರ್ನೆಟ್ ಸಿಕ್ಕರೆ ಸರಿಯಾದ ಸಮಯ, ಸಿಗದಿದ್ದರೆ ಬರೆದಿಟ್ಟ ಸಮಯದಿಂದಲೇ ಶುರು. ಕೊನೆಗೆ ಬರೆದಿಟ್ಟದ್ದು ರಾತ್ರಿ 11 ದಾಟಿದ ಹೊತ್ತಿನದ್ದು. ಕರೆಂಟ್ ಬಂದರೂ ಇಂಟರ್ನೆಟ್ ಬಂದಿರಲಿಲ್ಲ. ಪೈಗೆ ಅದು ಇನ್ನೂ 17ನೇ ತಾರೀಕೇ.

ಫೈಲ್ ಬದಲಾದ ಸಮಯದ ಪ್ರಕಾರ ಸಾಲು ಮಾಡಬಹುದಲ್ವಾ ಅಂತ ಕೇಳಬಹುದು. ಆ ಸಮಯ ಕೊಡುವುದೂ ಅದೇ ತಪ್ಪು ಗಡಿಯಾರ. ಅಲ್ಲದೆ ಸುಮ್ನೆ ಕಾಪಿ ಮಾಡಿದರೆ ಎಲ್ಲ ಫೈಲಿಗೂ ಇವತ್ತಿನ ಸಮಯವೇ ಬೀಳುತ್ತದೆ.

ಸುಳ್ಳು ಹೇಳದಿರುವುದು ಬಕೆಟ್ಟಿನ ಸಂಖ್ಯೆ ಮಾತ್ರ. ಅದು ಏರುತ್ತದೆ, ಇಳಿಯುವುದಿಲ್ಲ. ಹಾಗಾಗಿ ಸ್ಕ್ರಿಪ್ಟನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ತಂದು, ಪ್ರತಿ ಫೈಲಿನ ಕೊನೆಯ ಸಂಖ್ಯೆಯ ಪ್ರಕಾರ ಸಾಲು ಮಾಡಿದೆ. ಒಂದು ತೊಡಕು: ಜನವರಿ, ಫೆಬ್ರವರಿಯಲ್ಲಿ ಮಳೆಯೇ ಇಲ್ಲ, ಎಷ್ಟೋ ಫೈಲುಗಳಲ್ಲಿ ಒಂದೇ ಸಂಖ್ಯೆ. ಇದಕ್ಕೆ ಪೈಥಾನೇ ದಾರಿ ಇಟ್ಟಿದೆ. ಅದರ ಸಾರ್ಟ್ ಸ್ಟೇಬಲ್, ಅಂದರೆ ಸಮ ಬಂದವು ಮೊದಲಿದ್ದ ಕ್ರಮದಲ್ಲೇ ಉಳಿಯುತ್ತವೆ. ಮೊದಲು ಹೆಸರಿನ ತಾರೀಕಿನಿಂದ ಒಂದು ಸಾರ್ಟ್, ಅದರ ಮೇಲೆ ಸಂಖ್ಯೆಯಿಂದ ಇನ್ನೊಂದು. ಮೈನಸ್ ಹೋಯಿತು. ಕರೆಂಟ್ ಹೋದಾಗ ಹುಟ್ಟಿದ ಖಾಲಿ ಫೈಲುಗಳನ್ನು ಬೇರೆ ಫೋಲ್ಡರಿಗೆ ತಳ್ಳಿದ್ದೇನೆ.

ಜುಲೈ ಕೊನೆ

ಡಿಎಸ್3231 ಗಡಿಯಾರದ ಮಾಡ್ಯೂಲ್ ಬಂತು. ನಾಲ್ಕು ವೈರ್, ಸಿಆರ್2032 ಬ್ಯಾಟರಿ. ಬೂಟ್ ಕಾನ್ಫಿಗ್ ಫೈಲಿಗೆ ಒಂದು ಸಾಲು ಸೇರಿಸಿ ಫೇಕ್ ಗಡಿಯಾರ ತೆಗೆದುಹಾಕಿದೆ. ವರ್ಷಕ್ಕೆ ಹೆಚ್ಚೆಂದರೆ ನಿಮಿಷದ ಆಸುಪಾಸು ತಪ್ಪುತ್ತದೆ, ಮಳೆ ಲೆಕ್ಕಕ್ಕೆ ಧಾರಾಳ ಸಾಕು. ಹೊಸ ಫೈಲುಗಳ ಹೆಸರು ಈಗ 2025-07-28 ಅಂತ ವರ್ಷದಿಂದ ಶುರು, ಸೊನ್ನೆ ಸಮೇತ. ಹಳೆಯವುಗಳ ಹೆಸರು ಮುಟ್ಟಿಲ್ಲ. ಮೂಲ ದಾಖಲೆಯ ಹೆಸರು ಬದಲಿಸುವುದು ನನಗೆ ಸರಿ ಕಾಣುವುದಿಲ್ಲ.

ಪೇಪರಿನ ಮಳೆ ವರದಿಗೂ ನಮ್ಮ ಲೆಕ್ಕಕ್ಕೂ ದಿನದಿನ ತಾಳೆಯಾಗುತ್ತಿಲ್ಲ. ಅದಕ್ಕೆ ಒಂದು ಕಾರಣ, ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8.30 ಕ್ಕೆ ಮುಗಿಯುತ್ತದೆ, ನಮ್ಮದು ನಡುರಾತ್ರಿಗೆ. ಪ್ರತಿ ಟಿಕ್ಕಿಗೂ ಸಮಯ ಬರೆದಿರುವುದರಿಂದ 8.30 ಕ್ಕೆ ಕತ್ತರಿಸಿ ಕೂಡಿಸುವ ಭಾಗ ಬರೆಯುತ್ತಿದ್ದೇನೆ. ನಕ್ಷತ್ರಕ್ಕೂ ಅದೇ ಉಪಾಯ. ಪಂಚಾಂಗ ನೋಡಿ ಮಳೆ ನಕ್ಷತ್ರಗಳು ಶುರುವಾಗುವ ದಿನ, ಗಳಿಗೆ ಎಲ್ಲ ಕೈಯಲ್ಲೇ ಟೈಪ್ ಮಾಡಿ ಒಂದು ಫೈಲಿಗೆ ಹಾಕುತ್ತಿದ್ದೇನೆ. ಪುಷ್ಯದವರೆಗೆ ಆಗಿದೆ. ಆಶ್ಲೇಷ, ಮಘೆಯದ್ದು ಅಪ್ಪ ಓದಿ ಹೇಳುತ್ತೇನೆ ಅಂದಿದ್ದಾರೆ.