ಅರೆತಲೆನೋವು ಮತ್ತು ಮೆಡಿಕಲ್ ಶಾಪಿನ ಚೀಟಿ

ಮೈಗ್ರೇನ್ ಇರುವವರಿಗೆ ಮೆಡಿಕಲ್ ಶಾಪಿನ ಟ್ಯೂಬ್‌ಲೈಟೇ ಒಂದು ಶಿಕ್ಷೆ. ಎಡಗಣ್ಣಿನ ಹಿಂದೆ ಮಿಡಿತ ಶುರುವಾದ ಕೂಡಲೇ ನುಂಗಿದರೆ ಮಾತ್ರ ಚೆನ್ನಾಗಿ ಕೆಲಸ ಮಾಡುವ ಸುಮಾಟ್ರಿಪ್ಟಾನ್ ಮಾತ್ರೆಗಾಗಿ ನಿನ್ನೆ ಸಂಜೆ ನಮ್ಮ ಬಡಾವಣೆಯ ಅಂಗಡಿಗಳನ್ನೆಲ್ಲ ಅಲೆದೆ. ಒಂದು ಕಡೆ ಸ್ಟಾಕ್ ಇರಲಿಲ್ಲ. ಇನ್ನೊಂದು ಕಡೆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಹಳೆಯದು, ಹೊಸದಾಗಿ ಬರೆಸಿಕೊಂಡು ಬನ್ನಿ ಎಂದವರು, ನಾನು ಹಣೆ ಒತ್ತಿಕೊಂಡು ನಿಂತದ್ದನ್ನು ಕಂಡು ಮಾಮೂಲಿ ನೋವಿನ ಮಾತ್ರೆಯ ಸ್ಟ್ರಿಪ್ಪೊಂದನ್ನು ಗಾಜಿನ ಮೇಲೆ ಸರಿಸಿ, "ಇದನ್ನೇ ತಗೊಳ್ಳಿ ಮೇಡಂ, ಎಲ್ಲದಕ್ಕೂ ಆಗುತ್ತೆ" ಎಂದರು.

ಚೀಟಿ ಕೇಳಿದ್ದಕ್ಕೆ ನನ್ನ ತಕರಾರಿಲ್ಲ. ಸುಮಾಟ್ರಿಪ್ಟಾನ್ ಸೇರಿದ ಟ್ರಿಪ್ಟಾನ್ ಗುಂಪಿನ ಮಾತ್ರೆಗಳು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಹೃದ್ರೋಗವಿರುವವರಿಗೆ ಅವು ಅಪಾಯಕಾರಿ, ವೈದ್ಯರ ಕಣ್ಗಾವಲು ಬೇಕೇ ಬೇಕು. ಆದರೆ ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನಕ್ಕಿಂತ ಹೆಚ್ಚು ನುಂಗುತ್ತ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಅಂಟಿಕೊಳ್ಳುತ್ತದೆಂದು ನರರೋಗ ತಜ್ಞರು ಎಚ್ಚರಿಸುತ್ತಾರೆ, ಮತ್ತು ಅದನ್ನು ಯಾರೂ ಏನೂ ಕೇಳದೆ ಕೈಗಿಡುತ್ತಾರೆ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ. (ವಾಂತಿ ಬರುವಂತಿದ್ದಾಗ ಇದನ್ನೆಲ್ಲ ವಾದಿಸುವ ತ್ರಾಣ ಯಾರಿಗಿರುತ್ತದೆ?) ವೈದ್ಯರ ಅಪಾಯಿಂಟ್‌ಮೆಂಟ್ ಸಿಕ್ಕಿರುವುದು ಗುರುವಾರಕ್ಕೆ, ಮೈಗ್ರೇನ್ ಬಾರದಂತೆ ತಡೆಗಟ್ಟಲು ಪ್ರತಿದಿನ ತೆಗೆದುಕೊಳ್ಳುವ ಪ್ರೊಪ್ರನೊಲಾಲ್ ಮಾತ್ರೆ ನನಗೆ ಹೊಂದುವುದೇ ಎಂಬುದನ್ನೂ ಅಂದೇ ಕೇಳಬೇಕೆಂದಿದ್ದೇನೆ.