ಗೇಮ್ ಬರೆದವರು ಏನನ್ನು ಖಚಿತ ಅಂದುಕೊಂಡಿದ್ದರು?

ಗೇಮ್‌ಗಳು ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಸರಿಯಾಗಿ ಓಡುವಂತೆ ಮಾಡುವುದು ನನ್ನ ಕೆಲಸ. ಹಳೆಯ ಲ್ಯಾಪ್‌ಟಾಪ್, ಹೊಸ ಗ್ರಾಫಿಕ್ಸ್ ಕಾರ್ಡ್, ಲಿನಕ್ಸ್, ಕೈಯಲ್ಲಿ ಹಿಡಿದು ಆಡುವ ಸಾಧನಗಳು, ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ತಂಡಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು, ‘ಯಾವ ಸೆಟ್ಟಿಂಗ್ ಇಳಿಸಬೇಕು?’ ಅಂತ. ಸೆಟ್ಟಿಂಗ್ ಆಮೇಲೆ ನೋಡೋಣ, ಈ ಗೇಮ್ ಬರೆದವರು ಯಾವುದು ಎಂದೂ ಬದಲಾಗುವುದಿಲ್ಲ ಅಂದುಕೊಂಡಿದ್ದರು ಅನ್ನುವುದನ್ನು ಮೊದಲು ಹುಡುಕಿ ಅನ್ನುತ್ತೇನೆ. ಯಂತ್ರ ಬದಲಾದಾಗ ಕೈಕೊಡುವುದು ಹೆಚ್ಚಾಗಿ ಆ ನಂಬಿಕೆಯೇ.

ಎಲ್ಲಕ್ಕಿಂತ ಹೆಚ್ಚಾಗಿ ಸಿಗುವ ನಂಬಿಕೆ ಫ್ರೇಮ್‌ರೇಟಿನದು, ಅಂದರೆ ಗೇಮ್ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಬಿಡಿಸುತ್ತದೆ ಅನ್ನುವುದರದು. 2014ರ ‘ಡಾರ್ಕ್ ಸೋಲ್ಸ್ 2’ ಪಿಸಿಯಲ್ಲಿ ಸೆಕೆಂಡಿಗೆ 60 ಫ್ರೇಮ್ ಓಡುತ್ತಿತ್ತು. ಆದರೆ ಆಯುಧಗಳ ಸವೆತದ ಲೆಕ್ಕ ಫ್ರೇಮಿಗೆ ಅಂಟಿಕೊಂಡಿತ್ತು. 30 ಫ್ರೇಮಿನಲ್ಲಿ ಆಡುವವರಿಗಿಂತ ಪಿಸಿಯಲ್ಲಿ 60ರಲ್ಲಿ ಆಡುವವರ ಕತ್ತಿ ಎರಡು ಪಟ್ಟು ಬೇಗ ಸವೆಯುತ್ತಿತ್ತು. ಅದನ್ನು ಸರಿಪಡಿಸಿದ್ದು 2015ರಲ್ಲಿ. ‘ಸ್ಕೈರಿಮ್’ ಆಡಿದವರಿಗೆ ಇನ್ನೊಂದು ರೂಪ ಗೊತ್ತಿರುತ್ತದೆ: 60 ದಾಟಿಸಿದರೆ ಮೇಜಿನ ಮೇಲಿನ ಬಟ್ಟಲು, ತಟ್ಟೆಗಳೆಲ್ಲ ಕೋಣೆ ತುಂಬ ಹಾರಾಡುತ್ತವೆ. ಗೇಮ್‌ನ ಸೆಟ್ಟಿಂಗ್‌ಗಳಿರುವ ಐಎನ್‌ಐ ಫೈಲಿನಲ್ಲಿ ಎಫ್‌ಮ್ಯಾಕ್ಸ್‌ಟೈಮ್ ಅನ್ನುವ ಸಾಲಿನಿಂದ ಫಿಸಿಕ್ಸ್‌ನ, ಅಂದರೆ ವಸ್ತುಗಳ ಚಲನೆಯ ಲೆಕ್ಕದ, ಕಾಲಮಾನವನ್ನು ಸೆಕೆಂಡುಗಳಲ್ಲಿ ಬದಲಿಸಬಹುದು. 60 ಫ್ರೇಮಿಗೆ 0.0166, 120ಕ್ಕೆ 0.0083. ಇದು ಸ್ಥಿರವಾದ ಫ್ರೇಮ್‌ರೇಟಿಗೆ ಸರಿ. ದರ ಏರಿಳಿಯುವ ಯಂತ್ರದಲ್ಲಿ, ಆ ಕಾಲಮಾನವನ್ನು ಆಡುವಾಗಲೇ ತಿದ್ದುತ್ತ ಹೋಗುವ ಮಾಡ್ (ಗೇಮ್ ಅನ್ನು ಬದಲಿಸಲು ಹೊರಗಿನವರು ಮಾಡಿದ ಸೇರ್ಪಡೆ) ಬೇಕು. ಹಾಗಾಗಿ ಯಾವ ಹಳೆಯ ಗೇಮ್ ಬಂದರೂ ಫ್ರೇಮ್ ಮಿತಿ ತೆಗೆಯುವ ಮೊದಲು ಅದರ ಗಡಿಯಾರ ಎಲ್ಲಿದೆ, ಅಂದರೆ ಅದು ಸಮಯವನ್ನು ಫ್ರೇಮ್ ಎಣಿಸಿ ಅಳೆಯುತ್ತದೆಯೇ ಎಂದು ನೋಡಿಕೊಳ್ಳುತ್ತೇನೆ.

ಕೆಲವು ನಂಬಿಕೆಗಳು ಕಣ್ಣಿಗೇ ಬೀಳುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ವಿಂಡೋಸ್ ಫೈಲ್ ಹೆಸರುಗಳಲ್ಲಿ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಬೇರೆ ಬೇರೆ ಎಂದು ಎಣಿಸುತ್ತದೆ. ವಿಂಡೋಸ್‌ನಲ್ಲಿ ತಯಾರಾದ ಮಾಡ್ ಅನ್ನು ಲಿನಕ್ಸ್‌ನಲ್ಲಿ ಬಿಚ್ಚಿದರೆ ದೊಡ್ಡಕ್ಷರ, ಚಿಕ್ಕಕ್ಷರದಲ್ಲಷ್ಟೇ ಬೇರೆಯಾದ ಒಂದೇ ಹೆಸರಿನ ಎರಡು ಫೋಲ್ಡರ್‌ಗಳು ಹುಟ್ಟಿಕೊಳ್ಳಬಹುದು. ಗೇಮ್ ಒಂದನ್ನು ಓದುತ್ತದೆ, ಮಾಡ್ ಇನ್ನೊಂದರಲ್ಲಿ ಕೂತಿರುತ್ತದೆ. ಎರರ್ ಸಂದೇಶ ಕೂಡ ಬರುವುದಿಲ್ಲ.

ನನಗೆ ಬಹಳ ಪಾಠ ಕಲಿಸಿದ್ದು ದಶಮಾಂಶದ ಚುಕ್ಕಿ. ಜರ್ಮನ್, ಫ್ರೆಂಚ್ ಮುಂತಾದ ಭಾಷೆಗಳಿಗೆ ಹೊಂದಿಸಿದ ಕಂಪ್ಯೂಟರಿನಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ. ಫೈಲಿನಲ್ಲಿ ಹೊಳಪು 0.8 ಎಂದಿದ್ದರೆ, ಎಚ್ಚರಿಕೆಯಿಲ್ಲದೆ ಬರೆದ ಕೋಡ್ ಚುಕ್ಕಿಯ ಹತ್ತಿರ ನಿಂತು ಬರಿಯ 0 ಎಂದು ಓದಿಕೊಳ್ಳುತ್ತದೆ. ಪರದೆ ಕಪ್ಪು. ಆಡುವವರು ಪಾಪ, ಡ್ರೈವರ್ ಬದಲಿಸುತ್ತಾರೆ, ಗೇಮ್ ಅಳಿಸಿ ಮತ್ತೆ ಹಾಕುತ್ತಾರೆ, ಕಾರ್ಡೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಇಂಥ ದೂರುಗಳನ್ನು ‘ನಮ್ಮಲ್ಲಿ ಸರಿಯಾಗಿ ಓಡುತ್ತಿದೆ’ ಎಂದು ಮುಚ್ಚಿಬಿಡುವುದು ನನಗೆ ಸಹಿಸಲಾಗದ ವಿಷಯ. ಅದಕ್ಕೇ ನನ್ನ ಪರೀಕ್ಷಾ ಯಂತ್ರಗಳಲ್ಲಿ ಒಂದು ಯಾವಾಗಲೂ ಜರ್ಮನ್ ಸೆಟ್ಟಿಂಗ್‌ನಲ್ಲಿರುತ್ತದೆ, ಅದರ ಬಳಕೆದಾರನ ಹೆಸರು ಇಂಗ್ಲಿಷ್ ಅಲ್ಲದ ಲಿಪಿಯಲ್ಲಿರುತ್ತದೆ. ಸೇವ್ ಫೈಲಿನ ವಿಳಾಸ ಓದಲಾಗದೆ ಬಿದ್ದುಹೋಗುವ ಗೇಮ್‌ಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಮೆಮೊರಿ ಸಾಕಷ್ಟಿದೆ ಅನ್ನುವುದೂ ಒಂದು ನಂಬಿಕೆಯೇ. ಇಲ್ಲಿ ಲೆಕ್ಕ ಹಾಕಲೇಬೇಕು. 4096 ಅಗಲ, 4096 ಎತ್ತರದ ಒಂದು ಟೆಕ್ಸ್ಚರ್ ಅನ್ನು (ವಸ್ತುವಿನ ಮೈಮೇಲೆ ಅಂಟಿಸುವ ಚಿತ್ರವನ್ನು) ಕುಗ್ಗಿಸದೆ ಇಟ್ಟರೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ 64 ಎಂಬಿ. ಬಿಸಿ7 ವಿಧಾನದಲ್ಲಿ ಕುಗ್ಗಿಸಿದರೆ ಪಿಕ್ಸೆಲ್‌ಗೆ 1 ಬೈಟ್, 16 ಎಂಬಿ. ಅದೇ ಚಿತ್ರವನ್ನು 2048ಕ್ಕೆ ಇಳಿಸಿದರೆ 4 ಎಂಬಿ. ದೂರದಿಂದ ನೋಡುವಾಗ ಬಳಸುವ ಅದೇ ಚಿತ್ರದ ಚಿಕ್ಕ ಪ್ರತಿಗಳಾದ ಮಿಪ್‌ಮ್ಯಾಪ್‌ಗಳಿಗೆ ಇದರ ಮೇಲೆ ಇನ್ನೂ ಮೂರನೇ ಒಂದು ಭಾಗ ಸೇರುತ್ತದೆ. ಗೋಡೆಗೆ, ಮುಖಕ್ಕೆ ದೊಡ್ಡ ಟೆಕ್ಸ್ಚರ್ ಇರಲಿ. ಕಪಾಟಿನಲ್ಲಿರುವ ಚಮಚಕ್ಕೂ 4096 ಹಾಕಿದ ಮಾಡ್‌ಗಳನ್ನು ನೋಡಿದಾಗ ಸಂಕಟವಾಗುತ್ತದೆ, ಏಕೆಂದರೆ ಅದರ ಹೊರೆ ಬೀಳುವುದು ಚಿಕ್ಕ ಕಾರ್ಡ್ ಇರುವವರ ಮೇಲೆ.

ಗ್ರಾಫಿಕ್ಸ್ ಕಾರ್ಡಿನ ವೀಡಿಯೊ ಮೆಮೊರಿ ತುಂಬಿದಾಗ ಉಳಿದದ್ದು ಕಂಪ್ಯೂಟರಿನ ಸಾಮಾನ್ಯ ಮೆಮೊರಿಗೆ ಹೋಗಿ ಬರಬೇಕಾಗುತ್ತದೆ. ಆಗ ಸರಾಸರಿ ಫ್ರೇಮ್‌ರೇಟ್ 60ರ ಹತ್ತಿರವೇ ತೋರಿಸುತ್ತಿರಬಹುದು. ಆದರೆ 16.7 ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದ ಒಂದೊಂದು ಫ್ರೇಮ್ ನಡುನಡುವೆ 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ತಿರುಗಿದರೆ ಗಕ್ಕನೆ ನಿಲ್ಲುತ್ತದೆ. ಆದ್ದರಿಂದ ಸರಾಸರಿಯ ಅಂಕಿ ಕಳಿಸಿ ‘ಚೆನ್ನಾಗಿದೆ’ ಎಂದ ವರದಿಯನ್ನು ನಾನು ಒಪ್ಪುವುದಿಲ್ಲ, ಫ್ರೇಮ್‌ಟೈಮಿನ, ಅಂದರೆ ಒಂದೊಂದು ಫ್ರೇಮಿಗೆ ಹಿಡಿದ ಸಮಯದ, ಗ್ರಾಫ್ ಕೇಳುತ್ತೇನೆ. ಅದರ ಜೊತೆಗೆ ರೆಸಲ್ಯೂಷನ್ ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಅಳೆಯಲು ಹೇಳುತ್ತೇನೆ. ಆಗಲೂ ಫ್ರೇಮ್‌ರೇಟ್ ಏರದಿದ್ದರೆ ತಡೆ ಇರುವುದು ಹೆಚ್ಚಾಗಿ ಪ್ರೊಸೆಸರ್ ಕಡೆ. ಆಗ ಆಂಟಿ ಏಲಿಯಾಸಿಂಗ್ (ಚಿತ್ರದ ಅಂಚುಗಳನ್ನು ನಯವಾಗಿಸುವ ಸೆಟ್ಟಿಂಗ್) ತೆಗೆದು ಪ್ರಯೋಜನವಿಲ್ಲ. ಜನಸಂದಣಿ, ದೃಷ್ಟಿಯ ದೂರ ಇಂಥವನ್ನು ತಗ್ಗಿಸಬೇಕು.

ನಂಬಿಕೆ ಗೇಮ್‌ನಲ್ಲೇ ಇರಬೇಕೆಂದಿಲ್ಲ. ಫ್ರೇಮ್‌ರೇಟ್ ಅಂದರೆ 30 ಅಥವಾ 60 ಅಂತಲೇ ನಾವೆಲ್ಲ ಯೋಚಿಸುತ್ತೇವೆ. 2022ರಲ್ಲಿ ಬಂದ ಸ್ಟೀಮ್ ಡೆಕ್‌ನಂಥ, ಕೈಯಲ್ಲಿ ಹಿಡಿದು ಆಡುವ ಸಾಧನದಲ್ಲಿ ಪರದೆಯನ್ನೇ 40 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 40 ಬಾರಿ ಚಿತ್ರ ಬದಲಿಸುವಂತೆ ಇಳಿಸಬಹುದು. 30ರಲ್ಲಿ ಫ್ರೇಮಿಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7, 40ರಲ್ಲಿ 25. ಸಮಯದ ಲೆಕ್ಕದಲ್ಲಿ 40 ಅನ್ನುವುದು ಸರಿಯಾಗಿ ನಡುಮಧ್ಯ. 60 ಮುಟ್ಟಲಾಗದೆ ಒದ್ದಾಡುವ ಗೇಮ್ ಅಲ್ಲಿ ನೆಮ್ಮದಿಯಿಂದ ಓಡುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. 40ಕ್ಕೆ ಇಳಿಸಿದ ಮೇಲೆ ಮಾತ್ರ ಒಮ್ಮೆ ಏಣಿ ಹತ್ತಿ ಇಳಿಯಿರಿ, ಎತ್ತರದಿಂದ ಜಿಗಿಯಿರಿ, ಮಾತಿಗೂ ತುಟಿಗೂ ಹೊಂದಿಕೆ ಇದೆಯೇ ನೋಡಿ. ಫ್ರೇಮಿಗೆ ಅಂಟಿಕೊಂಡ ಗಡಿಯಾರ ಉಳಿದಿದ್ದರೆ ಮೊದಲು ತಪ್ಪುವುದು ಅಲ್ಲೇ.