ಏರ್ ತುಂಬುವವರೆಗೆ

ತಿಂಗಳಿಗೆ ಎರಡು ಸಲ ಅಮ್ಮನನ್ನು ನೋಡಲು ಬಸ್ಸಿನಲ್ಲಿ ಹೋಗುತ್ತೇನೆ. ನಾಲ್ಕು ಗಂಟೆಯ ದಾರಿ, ನಡುವೆ ಒಂದು ಘಾಟಿ. ಹತ್ತುವ ಊರೂ ಸಣ್ಣದು, ಇಳಿಯುವ ಊರೂ ಸಣ್ಣದು. ಹಾಗಾಗಿ ಬಸ್ಸುಗಳೂ ಕಮ್ಮಿ. ಆ ದಿನ ಸಂಜೆ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಐದು ಗಂಟೆಯೊಳಗೆ ಬಂದುಬಿಡ್ತೀನಿ ಅಂತ ಫೋನಿನಲ್ಲಿ ಹೇಳಿದ್ದೆ.

ಸಿಕ್ಕಿದ್ದು ಕೊನೆಯ ಸಾಲು. ಆ ಜಾಗ ಹಿಂದಿನ ಚಕ್ರದಿಂದ ಆಚೆ ಚಾಚಿಕೊಂಡಿರುತ್ತದೆ, ಅಲ್ವಾ? ಸಣ್ಣ ಗುಂಡಿ ಬಂದರೂ ಮೈಯನ್ನೆಲ್ಲ ಎತ್ತಿ ಹಾಕುತ್ತದೆ. ಪಕ್ಕದಲ್ಲಿದ್ದ ಅಜ್ಜಿ ತಲೆ ತಗ್ಗಿಸಿ ಮಡಿಲಲ್ಲಿದ್ದ ಚೀಲವನ್ನೇ ನೋಡುತ್ತಾ ಕೂತಿದ್ದರು. ಅರ್ಧ ಗಂಟೆಗೆಲ್ಲ ಅವರ ಮುಖ ಬಿಳಚಿಕೊಂಡಿತು. ಕಿವಿಯ ಒಳಗಿನ ಭಾಗಕ್ಕೆ ಅಲುಗಾಟ ಗೊತ್ತಾಗುತ್ತಿರುತ್ತದೆ, ಕಣ್ಣಿಗೆ ಮಾತ್ರ ಎದುರಿಗಿರುವ ವಸ್ತು ಅಲುಗಾಡದಂತೆ ಕಾಣುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಕಂಡಕ್ಟರ್ ನೋಡಿದವರೇ ಮುಂದಿದ್ದ ಹುಡುಗನಿಗೆ, "ತಮ್ಮಾ, ಸ್ವಲ್ಪ ಹಿಂದೆ ಹೋಗ್ತೀಯಾ?" ಅಂದರು. ಅಜ್ಜಿಯನ್ನು ಬಸ್ಸಿನ ಮಧ್ಯದ ಸೀಟಿನಲ್ಲಿ ಕೂರಿಸಿ, "ದೂರಕ್ಕೆ ನೋಡ್ತಾ ಇರಿ ಅಜ್ಜಿ" ಅಂತ ಹೇಳಿ ಹೋದರು.

ಘಾಟಿಯ ತುದಿ ತಲುಪಿದ್ದೆವು. ಇನ್ನೇನು ಇಳಿಜಾರು ಶುರುವಾಗಬೇಕು, ಡ್ರೈವರ್ ಮುಂದೆ ಒಂದು ಬಜರ್ ಕೂಗಿತು. ಅವರು ರಸ್ತೆ ಅಗಲವಾಗಿದ್ದ ಕಡೆ ಬಸ್ಸು ಪಕ್ಕಕ್ಕೆ ಹಾಕಿದರು. ಕೆಳಗಿನಿಂದ ಸುಯ್ ಅಂತ ಸಣ್ಣ ಸದ್ದು. ಕಂಡಕ್ಟರ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು.

ಕಾಲು ಗಂಟೆ ಕಳೆಯಿತು. ತಡೆಯಲಾರದೆ ನಾನೇ ಹೋಗಿ ಡ್ರೈವರನ್ನು ಕೇಳಿದೆ.

"ನಿಧಾನಕ್ಕೆ ಹೋದ್ರೆ ಆಗಲ್ವಾ ಅಣ್ಣ?"

"ಬ್ರೇಕಿನ ಏರ್ ನಿಲ್ತಿಲ್ಲ ಅಕ್ಕಾ. ತಿರುವಿನಲ್ಲಿ ಚಕ್ರ ಹಿಡಿದುಬಿಟ್ರೆ ಏನು ಮಾಡೋದು?"

ನನಗೆ ಅರ್ಥವಾಗಲಿಲ್ಲ. ಗಾಳಿ ಹೋದರೆ ಬ್ರೇಕ್ ಹೋಗುತ್ತದೆ ಅಂತಲೇ ಅಂದುಕೊಂಡಿದ್ದೆ. ಅವರು ಕೆಲಸ ಮಾಡುತ್ತಲೇ ಹೇಳಿದರು. ಹಿಂದಿನ ಚಕ್ರಗಳ ಹತ್ತಿರ ದಪ್ಪ ಸ್ಪ್ರಿಂಗ್ ಇರುತ್ತದಂತೆ. ಅದನ್ನು ಒತ್ತಿ ಹಿಡಿದಿರುವುದೇ ಗಾಳಿ. ಗಾಳಿ ಇಳಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರವನ್ನು ಹಿಡಿಯುತ್ತದೆ. ಆಮೇಲೆ ಓದಿದಾಗ ತಿಳಿಯಿತು, ಈ ಯೋಚನೆ ರೈಲಿನಲ್ಲಿ ಮೊದಲು ಬಂದದ್ದು. 1869ರಲ್ಲಿ ಜಾರ್ಜ್ ವೆಸ್ಟಿಂಗ್‌ಹೌಸ್ ಮಾಡಿದ ಮೊದಲ ಏರ್ ಬ್ರೇಕಿನಲ್ಲಿ ಪೈಪು ಕಿತ್ತರೆ ಬ್ರೇಕೇ ಇಲ್ಲ. 1872ರಲ್ಲಿ ಅವರೇ ಅದನ್ನು ತಿರುವಿ ಹಾಕಿದರು: ಗಾಳಿ ಹೋದರೆ ಬ್ರೇಕ್ ತಾನಾಗೇ ಬೀಳಬೇಕು. ಎಷ್ಟು ಜನರ ಜೀವ ಉಳಿಸಿದ ಯೋಚನೆ ಅದು!

ಡ್ರೈವರ್ ತಮ್ಮ ಚೀಲದಿಂದ ಮೈ ಸೋಪು ತೆಗೆದರು. ನೀರಿನ ಬಾಟಲಿಯೊಳಗೆ ಒಂದು ಚೂರು ಹಾಕಿ ಜೋರಾಗಿ ಅಲ್ಲಾಡಿಸಿದರು. ಬಸ್ಸಿನ ಕೆಳಗೆ ಮಲಗಿ, ಪೈಪಿನ ಒಂದೊಂದು ಜಾಯಿಂಟಿಗೂ ಆ ನೀರು ಹಾಕುತ್ತಾ ಹೋದರು. ನಾನು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಿದ್ದೆ. ಮೂರು ಜಾಯಿಂಟಿನಲ್ಲಿ ನೀರು ಸುಮ್ನೆ ಜಾರಿ ಬಿತ್ತು. ನಾಲ್ಕನೆಯದರಲ್ಲಿ ಒಂದು ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. "ಸಿಕ್ತು ನೋಡಿ" ಅಂದರು. ಸ್ಪ್ಯಾನರಿನಲ್ಲಿ ನಟ್ಟು ಬಿಗಿ ಮಾಡಿ ಮತ್ತೆ ಸೋಪಿನ ನೀರು ಹಾಕಿದರು. ಗುಳ್ಳೆ ಬರಲಿಲ್ಲ.

ಅಷ್ಟು ಹೊತ್ತಿಗೆ ಜನಕ್ಕೆ ತಾಳ್ಮೆ ಹೋಗಿತ್ತು. ಒಬ್ಬರು ಕಂಪ್ಲೇಂಟ್ ಕೊಡ್ತೀನಿ ಅಂತ ಕೂಗಾಡಿದರು. ಡ್ರೈವರ್ ಎದುರು ಮಾತಾಡಲಿಲ್ಲ. ಅವರಿಗೂ ಊರು ಸೇರುವ ಟೈಮ್ ಅಂತ ಒಂದಿರುತ್ತದೆ, ತಡವಾದರೆ ಕೇಳುವವರು ಇರುತ್ತಾರೆ. ಅಂಥ ಹೊತ್ತಿನಲ್ಲೂ ಹೊರಡದೆ ನಿಲ್ಲುವುದು ಸುಲಭವಲ್ಲ. ನಾನೂ ಅವಸರ ಮಾಡಿದೆನಲ್ಲ ಅಂತ ನಿಜವಾಗಿಯೂ ಬೇಸರವಾಯಿತು.

ಇಂಜಿನ್ ರೇಸ್ ಮಾಡಿದರು. ಗಾಳಿ ಎಷ್ಟಿದೆ ಅಂತ ತೋರಿಸುವ ಮೀಟರಿನ ಎರಡು ಮುಳ್ಳುಗಳೂ ನಿಧಾನವಾಗಿ ಮೇಲೇರಿದವು. ಹೊರಡುತ್ತಾರೆ ಅಂದುಕೊಂಡರೆ ಇಂಜಿನ್ ಆಫ್ ಮಾಡಿದರು! ಬ್ರೇಕ್ ತುಳಿದು ಹಿಡಿದು, ಮುಳ್ಳಿನ ಮೇಲೇ ಕಣ್ಣಿಟ್ಟು ಕೂತರು. ನಾನೂ ಉಸಿರು ಬಿಗಿಹಿಡಿದು ನೋಡಿದೆ. ಮುಳ್ಳು ಅಲ್ಲಾಡಲಿಲ್ಲ.

ಘಾಟಿ ಇಳಿಯುವಾಗ ಸೆಕೆಂಡ್ ಗೇರಿನಿಂದ ಮೇಲೆ ಹೋಗಲೇ ಇಲ್ಲ. ಬಸ್ಸನ್ನು ಇಂಜಿನ್ನೇ ಹಿಡಿದು ಇಳಿಸುತ್ತಿತ್ತು. ಉದ್ದಕ್ಕೂ ಬ್ರೇಕ್ ತುಳಿದೇ ಇಳಿದರೆ ಡ್ರಮ್ಮು ಕಾದು ಹಿಡಿತ ಕಮ್ಮಿಯಾಗುತ್ತದೆ. ಅಜ್ಜಿ ಕಿಟಕಿಯಾಚೆ ನೋಡುತ್ತಾ ಹಾಗೇ ನಿದ್ದೆ ಹೋಗಿದ್ದರು.

ಊರು ಸೇರಿದಾಗ ಆರೂಕಾಲು. ಡಾಕ್ಟರ್ ಹೊರಟಿದ್ದರು, ನಾಳೆ ಬೆಳಿಗ್ಗೆ ಬನ್ನಿ ಅಂದಿದ್ದಾರೆ ಅಂತ ಅಮ್ಮ ಫೋನಿನಲ್ಲಿ ಹೇಳಿದರು. ಎಲ್ಲರೂ ದಡಬಡ ಇಳಿದು ಹೋದರು. ನೋಡಿದರೆ ಡ್ರೈವರ್ ಸೀಟಿನಲ್ಲಿ ಇರಲಿಲ್ಲ. ಬಸ್ಸಿನ ಕೆಳಗೆ ಟಾರ್ಚಿನ ಬೆಳಕು ಕಾಣಿಸಿತು.

"ಬರ್ತೀನಣ್ಣ" ಅಂದೆ.

"ಹ್ಞೂಂ ಅಕ್ಕಾ" ಅಂತ ಚಕ್ರದ ಹಿಂದಿನಿಂದ ದನಿ ಬಂತು.